ಫ್ಲಾರೆನ್ಸ್ ನೈಟಿಂಗೇಲ್ ಮತ್ತು ನಮ್ಮ ಮನೆಯ ಒಂದು ಅರ್ಜಿ

(ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು)

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕಳಿಸು ಎಂದು ನಮ್ಮ ಗುರುಗಳು ಫೋನ್ ಮಾಡಿದಾಗ ಮೊದಲು ಹಿಂಜರಿದೆ. ದಿನವಿಡೀ ನಾನು ಬರೆಯುವುದು ಕಂಪ್ಯೂಟರಿನ ಕೋಡ್. ಕನ್ನಡದಲ್ಲಿ ನಾಲ್ಕು ಪುಟ ಬರೆದು ಹದಿನೈದು ವರ್ಷದ ಮೇಲಾಯಿತು. ಶಾಲೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ನಾನು ಒಬ್ಬರ ಜೀವನ ಚರಿತ್ರೆ ಬರೆಯುತ್ತೇನೆ ಸರ್ ಎಂದೆ. ಯಾರದು ಎಂದರು. ಫ್ಲಾರೆನ್ಸ್ ನೈಟಿಂಗೇಲ್ ಎಂದೆ. ಅದು ಎಲ್ಲರಿಗೂ ಗೊತ್ತಿರೋದೇ ಅಲ್ಲೇನೋ ಎಂದು ನಕ್ಕರು. ಕಳೆದ ವರ್ಷದವರೆಗೆ ನಾನೂ ಹಾಗೆಯೇ ತಿಳಿದಿದ್ದೆ.

ಕಳೆದ ವರ್ಷ ಮೇ ತಿಂಗಳಲ್ಲಿ ಊರಿನಿಂದ ಕಾಕಾ ಫೋನ್ ಮಾಡಿದ್ದರು. ಅವರ ಮಗಳು ಹಾನಗಲ್ಲಿನಲ್ಲಿ ಪಿಯುಸಿ ವಿಜ್ಞಾನ ಮುಗಿಸಿ ನೀಟ್ ಪರೀಕ್ಷೆ ಬರೆದಿದ್ದಳು. ಡಾಕ್ಟರ್ ಸೀಟು ಸಿಗುವಷ್ಟು ಅಂಕ ಬರುವುದಿಲ್ಲವೆಂದು ಅವಳಿಗೇ ಗೊತ್ತಿತ್ತು. ಮಿಲಿಟರಿ ನರ್ಸಿಂಗ್‌ಗೆ ಅರ್ಜಿ ಹಾಕುತ್ತೇನೆ ಎಂದು ಹಟ ಹಿಡಿದಿದ್ದಾಳೆ, ನೀನು ಓದಿದಾಂವ, ಬೆಂಗಳೂರಾಗ ಇರಾಂವ, ಆಕಿಗೆ ಒಂದಿಷ್ಟು ಬುದ್ಧಿ ಹೇಳು ಎಂದರು ಕಾಕಾ. ಬುದ್ಧಿ ಹೇಳು ಎಂದರೆ ಬೇಡವೆನ್ನು ಎಂದೇ ಅರ್ಥ. ನಮ್ಮ ಮನೆತನದಲ್ಲಿ ಆ ಕೆಲಸವನ್ನು ಹಿಂದೊಮ್ಮೆ ನಾನೇ ಮಾಡಿದ್ದೆ. ಕಾಕಾಗೆ ಅದು ನೆನಪಿತ್ತು.

ಅದು 2009ರ ಮಾತು. ಇದೇ ಶಾಲೆಯಲ್ಲಿ ನನಗಿಂತ ಮೂರು ವರ್ಷ ಹಿಂದೆ ಓದಿದ ನನ್ನ ತಂಗಿ ಆಗ ಪಿಯುಸಿ ಮುಗಿಸಿದ್ದಳು. ಶಿಗ್ಗಾಂವಿಯಲ್ಲಿದ್ದ ನಮ್ಮ ಸೋದರಮಾವ ಸೈನ್ಯದಿಂದ ಹವಾಲ್ದಾರ್ ಆಗಿ ನಿವೃತ್ತರಾದವರು. ಕಾಲಿಗೆ ಪೆಟ್ಟಾಗಿ ಮಿಲಿಟರಿ ಆಸ್ಪತ್ರೆಯಲ್ಲಿ ಎರಡು ತಿಂಗಳು ಮಲಗಿದ್ದವರು. ಅಲ್ಲಿ ತಮ್ಮನ್ನು ನೋಡಿಕೊಂಡ ಸಿಸ್ಟರ್ ಹೆಗಲ ಮೇಲೆ ನಕ್ಷತ್ರ ಇದ್ದ ಅಧಿಕಾರಿ ಎಂದು ಪ್ರತಿ ಸಲ ಹೇಳುತ್ತಿದ್ದರು. ಅವರ ಮಾತು ಕೇಳಿ ಕೇಳಿ ತಂಗಿ ಪೇಪರಿನಲ್ಲಿ ಬಂದ ಜಾಹೀರಾತನ್ನು ಕತ್ತರಿಸಿ ಇಟ್ಟುಕೊಂಡಿದ್ದಳು. ನಾನು ಹುಬ್ಬಳ್ಳಿಯಲ್ಲಿ ಬಿ.ಇ. ಮೂರನೇ ವರ್ಷ ಓದುತ್ತಿದ್ದೆ. ರಜೆಗೆ ಬಂದಾಗ ಅಪ್ಪ ನನ್ನನ್ನು ಕೇಳಿದರು. ರಾತ್ರಿ ಪಾಳಿ, ಗಂಡಸರ ವಾರ್ಡು, ಎಲ್ಲೋ ಗಡಿಯಲ್ಲಿ ವರ್ಗಾವಣೆ, ನಾಳೆ ಸಂಬಂಧ ಕೇಳಿಕೊಂಡು ಬರುವವರು ಯಾರು ಎಂದು ನಾನೇ ಒಂದೊಂದಾಗಿ ಎಣಿಸಿ ಹೇಳಿದೆ. ಇಪ್ಪತ್ತೊಂದು ವರ್ಷದ ಹುಡುಗನಿಗೆ ಎಷ್ಟು ತಿಳಿವಳಿಕೆ ಇರಬಹುದೋ ಅಷ್ಟೇ ನನಗೂ ಇತ್ತು. ಆದರೆ ಎಂಜಿನಿಯರಿಂಗ್ ಓದುವವನ ಮಾತು ಮನೆಯಲ್ಲಿ ನಡೆಯಿತು. ಅರ್ಜಿ ಹೋಗಲಿಲ್ಲ. ಆ ವರ್ಷವೇ ಸವಣೂರಿನಿಂದ ಒಂದು ಸಂಬಂಧ ಬಂದು ತಪ್ಪಿತು, ಬಿ.ಎ. ಮುಗಿದ ಮೇಲೆ ಹಿರೇಕೆರೂರು ತಾಲೂಕಿಗೆ ಮದುವೆಯಾಗಿ ಹೋದಳು.

ಈ ಸಲ ಬುದ್ಧಿ ಹೇಳುವ ಮೊದಲು ಸ್ವಲ್ಪ ಓದಿಕೊಳ್ಳೋಣ ಎನಿಸಿತು. ಸೈನ್ಯದ ದಾದಿ ಎಂದರೆ ಎಲ್ಲರಿಗೂ ಮೊದಲು ಹೊಳೆಯುವ ಹೆಸರಿನಿಂದಲೇ ಶುರು ಮಾಡಿದೆ.

ನಮ್ಮಲ್ಲಿ ಬಹಳ ಜನರ ಮನಸ್ಸಿನಲ್ಲಿರುವ ಚಿತ್ರ ಒಂದೇ. ಬಿಳಿ ಬಟ್ಟೆಯ ಹೆಂಗಸು, ಕೈಯಲ್ಲಿ ಹಣತೆಯಂಥ ದೀಪ, ಸಾಲಾಗಿ ಮಲಗಿದ ಸೈನಿಕರು. ಆ ದೀಪ ಹಣತೆಯಲ್ಲ. ತುರ್ಕಿಯವರು ಬಳಸುತ್ತಿದ್ದ, ಮಡಚಿಡಬಹುದಾದ, ಒಳಗೆ ಮೇಣದಬತ್ತಿ ಇಡುವ ಒಂದು ಬಗೆಯ ಕಂದೀಲು. ಇದು ಸಣ್ಣ ಸಂಗತಿ. ಆದರೆ ಚಿತ್ರದಲ್ಲಿ ಇದೊಂದೇ ತಪ್ಪಿಲ್ಲ, ಬೇರೆಯವೂ ಇವೆ ಎಂದು ಓದುತ್ತ ಹೋದಂತೆ ತಿಳಿಯಿತು.

ಫ್ಲಾರೆನ್ಸ್ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ಒಂದು ವರ್ಷ ದೊಡ್ಡವಳಾದ ಅಕ್ಕ ನೇಪಲ್ಸ್‌ನಲ್ಲಿ ಹುಟ್ಟಿದ್ದಳು, ಅವಳಿಗೆ ಆ ಊರಿನ ಹಳೆಯ ಗ್ರೀಕ್ ಹೆಸರು ಪಾರ್ಥಿನೋಪ್. ಬಹಳ ಶ್ರೀಮಂತ ಇಂಗ್ಲಿಷ್ ಮನೆತನ. ಬೇಸಿಗೆಗೆ ಒಂದು ಬಂಗಲೆ, ಚಳಿಗಾಲಕ್ಕೆ ಇನ್ನೊಂದು. ತಂದೆ ವಿಲಿಯಂ ತಾನೇ ಕೂತು ಇಬ್ಬರು ಹೆಣ್ಣುಮಕ್ಕಳಿಗೂ ಲ್ಯಾಟಿನ್, ಗ್ರೀಕ್, ಇತಿಹಾಸ ಕಲಿಸಿದ. ಅಕ್ಕನಿಗೆ ಚಿತ್ರ ಬರೆಯುವುದು ಇಷ್ಟ, ತಂಗಿಗೆ ಗಣಿತದ ಹುಚ್ಚು. ಊಟದ ಮೇಜಿನ ಮಾತಿಗಿಂತ ಅಂಕಿಗಳ ಪಟ್ಟಿ ಅವಳಿಗೆ ಹೆಚ್ಚು ಸಮಾಧಾನ ಕೊಡುತ್ತಿತ್ತು. ಇದನ್ನು ಓದಿ ಒಬ್ಬ ಪ್ರೋಗ್ರಾಮರ್ ಆಗಿ ನನಗೆ ಖುಷಿಯಾಯಿತು.

1837ರಲ್ಲಿ, ಹದಿನಾರು ವರ್ಷದವಳಿದ್ದಾಗ, ದೇವರು ತನ್ನನ್ನು ಯಾವುದೋ ಸೇವೆಗೆ ಕರೆದನೆಂದು ಅವಳಿಗೆ ಗಟ್ಟಿಯಾಗಿ ಅನಿಸಿತು. ಯಾವ ಸೇವೆ ಎಂದು ತಿಳಿಯಲು ಏಳೆಂಟು ವರ್ಷ ಹಿಡಿಯಿತು. 1845ರಲ್ಲಿ ಹತ್ತಿರದ ಸಾಲ್ಸ್‌ಬರಿ ಆಸ್ಪತ್ರೆಗೆ ಹೋಗಿ ಶುಶ್ರೂಷೆ ಕಲಿಯುತ್ತೇನೆ ಎಂದು ಮನೆಯಲ್ಲಿ ಹೇಳಿದಳು. ಮನೆಯಲ್ಲಿ ದೊಡ್ಡ ರಂಪವಾಯಿತು.

ತಾಯಿಯನ್ನು ಬೈಯುವ ಮೊದಲು ಆ ಕಾಲವನ್ನು ನೋಡಬೇಕು. ಆಗ ಇಂಗ್ಲೆಂಡಿನಲ್ಲಿ ಆಸ್ಪತ್ರೆ ಎಂದರೆ ಬಡವರು ಹೋಗುವ ಜಾಗ, ಉಳ್ಳವರ ಮನೆಗೆ ಡಾಕ್ಟರೇ ಬರುತ್ತಿದ್ದರು. ವಾರ್ಡುಗಳು ಗಬ್ಬು ನಾರುತ್ತಿದ್ದವು. ದಾದಿಯರಿಗೆ ತರಬೇತಿ ಇರಲಿಲ್ಲ, ಸಂಬಳ ಅಷ್ಟಕ್ಕಷ್ಟೆ, ಕುಡಿಯುತ್ತಾರೆ, ನಡತೆ ಸರಿಯಿಲ್ಲ ಎಂಬ ಅಪವಾದ ಬೇರೆ. ನಾನು 2009ರಲ್ಲಿ ಅಪ್ಪನ ಮುಂದೆ ಎಣಿಸಿದ ಕಾರಣಗಳಿಗೂ 1845ರಲ್ಲಿ ಆ ತಾಯಿ ಎಣಿಸಿದ ಕಾರಣಗಳಿಗೂ ಹೆಚ್ಚು ವ್ಯತ್ಯಾಸವಿಲ್ಲ. ಅವಳ ಕಾಲದಲ್ಲಿ ಅವುಗಳಿಗೆ ಒಂದಿಷ್ಟು ಆಧಾರವಾದರೂ ಇತ್ತು.

ಮುಂದಿನ ಎಂಟು ವರ್ಷ ಅವಳು ಮನೆಯಲ್ಲೇ ಕೂತಳು. ಕೂತಳು ಎಂದರೆ ಸುಮ್ಮನೆ ಕೂರಲಿಲ್ಲ. ಬೆಳಗಿನ ಜಾವ ಎದ್ದು, ಮನೆಯವರು ಏಳುವ ಮುಂಚೆ ದೀಪ ಹಚ್ಚಿಕೊಂಡು, ಆಸ್ಪತ್ರೆಗಳ ಸರ್ಕಾರಿ ವರದಿಗಳನ್ನು ಓದಿ ನೋಟು ಮಾಡುತ್ತಿದ್ದಳು. ಹಗಲೆಲ್ಲ ಅತಿಥಿಗಳು, ಕಸೂತಿ, ಪಿಯಾನೋ. ರಿಚರ್ಡ್ ಮಾಂಕ್‌ಟನ್ ಮಿಲ್ನ್ಸ್ ಎಂಬ ಕವಿ, ಪಾರ್ಲಿಮೆಂಟ್ ಸದಸ್ಯ, ಒಳ್ಳೆಯ ಮನುಷ್ಯ, ಹಲವು ವರ್ಷ ಕಾದು ಮದುವೆಗೆ ಕೇಳಿದ. ಅವನ ಮೇಲೆ ಅವಳಿಗೂ ಮನಸ್ಸಿತ್ತು. ಆದರೆ ಒಂದು ದೊಡ್ಡ ಮನೆಯ ಯಜಮಾನಿಯಾಗಿ ಜೀವನ ಕಳೆಯುವುದು ತನ್ನಿಂದಾಗದು ಎಂದು 1849ರಲ್ಲಿ ಬೇಡವೆಂದಳು. ತಾಯಿ ಇದನ್ನು ಕ್ಷಮಿಸಲಿಲ್ಲ. ಗೆಳೆಯರ ಜೊತೆ ಈಜಿಪ್ಟ್, ಗ್ರೀಸ್ ಪ್ರವಾಸಕ್ಕೆ ಕಳಿಸಿದರೆ ಮನಸ್ಸು ಬದಲಾದೀತೆಂದು ಮನೆಯವರು ಎಣಿಸಿದರು. ಅಥೆನ್ಸಿನಿಂದ ಅವಳು ಒಂದು ಗೂಬೆಮರಿಯನ್ನು ಹಿಡಿದುಕೊಂಡು ಬಂದಳು! ನಮ್ಮಲ್ಲಾದರೆ ಗೂಬೆಯನ್ನು ಮನೆಯೊಳಗೆ ಬಿಡುತ್ತಿರಲಿಲ್ಲ. ಬರುವಾಗ ದಾರಿಯಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ಒಂದು ಕ್ರೈಸ್ತ ಸೇವಾಸಂಸ್ಥೆಯ ಆಸ್ಪತ್ರೆಯನ್ನು ಎರಡು ವಾರ ನೋಡಿ ಬಂದಳು. ಮರುವರ್ಷ, 1851ರಲ್ಲಿ, ಅಲ್ಲಿಯೇ ಮೂರು ತಿಂಗಳು ಇದ್ದು ಕೆಲಸ ಕಲಿತಳು. ಆಗ ಅವಳಿಗೆ 31 ವರ್ಷ.

ಇಲ್ಲಿ ಅಕ್ಕ ಪಾರ್ಥಿನೋಪ್ ಬಗ್ಗೆ ಹೇಳಲೇಬೇಕು. ತಂಗಿ ಮನೆ ಬಿಟ್ಟು ಹೋಗುವ ಮಾತೆತ್ತಿದಾಗಲೆಲ್ಲ ಅಕ್ಕನಿಗೆ ಕಾಯಿಲೆ ಬರುತ್ತಿತ್ತು. ಅಳುವುದು, ಮೂರ್ಛೆ, ಊಟ ಬಿಡುವುದು. ಅದು ನಾಟಕವಲ್ಲ, ನಿಜವಾಗಿಯೇ ಹಾಸಿಗೆ ಹಿಡಿಯುತ್ತಿದ್ದಳು. ತಂಗಿ ಎಂದರೆ ಅಷ್ಟು ಪ್ರೀತಿ. ತಂಗಿ ತನ್ನ ಕಣ್ಣ ಮುಂದೆಯೇ ಇರಬೇಕು, ತಾನು ಒಪ್ಪಿದ ಹಾಗೆಯೇ ಬದುಕಬೇಕು ಎಂಬ ಪ್ರೀತಿ ಅದು. ಈ ಪುಟಗಳನ್ನು ಓದುವಾಗ ನಾನು ಎರಡು ಮೂರು ಸಲ ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ಬಂದೆ.

ಕೊನೆಗೆ ತಂದೆಯೇ ಸೋತ. ಮಗಳಿಗೆ ವರ್ಷಕ್ಕೆ 500 ಪೌಂಡ್ ಕೊಡಲು ಒಪ್ಪಿದ. 1853ರ ಆಗಸ್ಟ್‌ನಲ್ಲಿ ಲಂಡನ್ನಿನ ಹಾರ್ಲೆ ಸ್ಟ್ರೀಟಿನಲ್ಲಿ ಒಂದು ಸಣ್ಣ ಆಸ್ಪತ್ರೆಯ ಮೇಲ್ವಿಚಾರಕಿಯಾದಳು. ಹದಿನಾರನೇ ವಯಸ್ಸಿನಲ್ಲಿ ಅನಿಸಿದ್ದು ಕೈಗೂಡಿದಾಗ ಮೂವತ್ತಮೂರು ಆಗಿತ್ತು.

ವರ್ಷ ತುಂಬುವುದರೊಳಗೆ ಯುದ್ಧ ಶುರುವಾಗಿತ್ತು. ರಷ್ಯಾದ ವಿರುದ್ಧ ಬ್ರಿಟನ್, ಫ್ರಾನ್ಸ್, ತುರ್ಕಿ. ಕಾಳಗ ನಡೆದದ್ದು ಕಪ್ಪು ಸಮುದ್ರದ ಕ್ರಿಮಿಯಾ ಪ್ರದೇಶದಲ್ಲಿ. ಗಾಯಾಳುಗಳನ್ನು ಹಡಗಿನಲ್ಲಿ ತುಂಬಿ ಸಮುದ್ರ ದಾಟಿಸಿ ಇಸ್ತಾಂಬುಲ್ ಎದುರಿನ ಸ್ಕುಟಾರಿಗೆ ತರುತ್ತಿದ್ದರು. ಅಲ್ಲಿ ತುರ್ಕಿ ಸೈನ್ಯದ ಬ್ಯಾರಕನ್ನೇ ಆಸ್ಪತ್ರೆ ಮಾಡಿಕೊಂಡಿದ್ದರು. ಅಲ್ಲಿಯ ದುಸ್ಥಿತಿಯನ್ನು ಲಂಡನ್ನಿನ ಟೈಮ್ಸ್ ಪತ್ರಿಕೆ ಬರೆದಾಗ ಇಡೀ ದೇಶ ಸಿಟ್ಟಾಯಿತು. ಯುದ್ಧ ಖಾತೆಯ ಮಂತ್ರಿ ಸಿಡ್ನಿ ಹರ್ಬರ್ಟ್‌ಗೆ ಫ್ಲಾರೆನ್ಸ್ ಪರಿಚಯದವಳು. ಹೋಗುತ್ತೀಯಾ ಎಂದು ಅವನು ಕಾಗದ ಬರೆದ. ಹೋಗುತ್ತೇನೆ ಎಂದು ಅವಳು ಬರೆದ ಕಾಗದ ಅದೇ ಹೊತ್ತಿಗೆ ಅವನ ಕಡೆ ಹೊರಟಿತ್ತು. 1854ರ ಅಕ್ಟೋಬರ್ 21ರಂದು 38 ಹೆಂಗಸರನ್ನು ಕರೆದುಕೊಂಡು ಹೊರಟಳು. ಅವರಲ್ಲಿ ಕ್ಯಾಥೊಲಿಕ್ ಸನ್ಯಾಸಿನಿಯರಿದ್ದರು, ಪ್ರೊಟೆಸ್ಟೆಂಟ್ ಸೇವಿಕೆಯರಿದ್ದರು, ಸಂಬಳಕ್ಕೆ ಬಂದ ಆಸ್ಪತ್ರೆ ದಾದಿಯರೂ ಇದ್ದರು. ಈ ಮೂರು ತೆರನವರ ಜಗಳ ಬಿಡಿಸುವುದೇ ಒಂದು ಯುದ್ಧವಾಗಿತ್ತು.

ನವೆಂಬರ್ 4ರಂದು ಸ್ಕುಟಾರಿ ತಲುಪಿದರೆ ಮಿಲಿಟರಿ ಡಾಕ್ಟರುಗಳು ಬಾಗಿಲು ತೋರಿಸಿದರು. ಹೆಂಗಸರನ್ನು ವಾರ್ಡಿಗೆ ಬಿಡಲು ಅವರು ತಯಾರಿರಲಿಲ್ಲ. ಫ್ಲಾರೆನ್ಸ್ ಜಗಳ ಮಾಡಲಿಲ್ಲ. ಡಾಕ್ಟರರ ಅಪ್ಪಣೆ ಇಲ್ಲದೆ ಯಾರೂ ಒಬ್ಬ ರೋಗಿಯನ್ನೂ ಮುಟ್ಟಬಾರದು ಎಂದು ತನ್ನವರಿಗೆ ಕಟ್ಟಪ್ಪಣೆ ಮಾಡಿ, ಹಳೆ ಬಟ್ಟೆ ಹರಿದು ಪಟ್ಟಿ ಮಾಡಿಸುತ್ತ ಕಾದಳು. ಮರುದಿನವೇ ಇಂಕರ್‌ಮನ್ ಕಾಳಗ ನಡೆಯಿತು. ಗಾಯಾಳುಗಳು ಹಡಗು ಹಡಗು ಬಂದು ಬಿದ್ದಾಗ ಡಾಕ್ಟರುಗಳೇ ಕರೆದರು.

ಮುಂದೆ ಅವಳು ಮಾಡಿದ ಕೆಲಸದ ಪಟ್ಟಿ ನೋಡಿದರೆ ದೀಪಕ್ಕಿಂತ ಹೆಚ್ಚಾಗಿ ಕಾಣುವುದು ಕಸಬರಿಗೆ, ಸೋಪು, ಅಂಗಿ, ಪಾತ್ರೆ. ನೆಲ ಉಜ್ಜಲು ನೂರಾರು ಬ್ರಷ್ ತರಿಸಿದಳು. ಪಕ್ಕದಲ್ಲೊಂದು ಮನೆ ಬಾಡಿಗೆಗೆ ಹಿಡಿದು, ಬಿಸಿನೀರಿನ ಹಂಡೆ ಹೂಡಿಸಿ, ಸೈನಿಕರ ಹೆಂಡಂದಿರಿಗೆ ಕೂಲಿ ಕೊಟ್ಟು ಬಟ್ಟೆ ಒಗೆಸಿದಳು. ಸರ್ಕಾರಿ ಉಗ್ರಾಣದಲ್ಲಿ ಸಾಮಾನು ಕೊಳೆಯುತ್ತಿದ್ದರೂ ಸಹಿ ಇಲ್ಲದೆ ಹೊರಗೆ ಬರುತ್ತಿರಲಿಲ್ಲ. ಅವಳು ಟೈಮ್ಸ್ ಪತ್ರಿಕೆ ಕೂಡಿಸಿದ ನಿಧಿಯಿಂದ ಮತ್ತು ಸ್ವಂತ ದುಡ್ಡಿನಿಂದ ಪೇಟೆಯಲ್ಲಿ ಕೊಂಡಳು. ಸೈನಿಕರು ಸಂಬಳವನ್ನು ಕುಡಿದು ಹಾಳು ಮಾಡದೆ ಊರಿಗೆ ಕಳಿಸಲು ವ್ಯವಸ್ಥೆ ಮಾಡಿದಳು, ಓದುವ ಕೋಣೆ ಮಾಡಿಸಿದಳು. ಸತ್ತವರ ಮನೆಗೆ ತಾನೇ ಕಾಗದ ಬರೆದಳು. ರಾತ್ರಿ ಕಂದೀಲು ಹಿಡಿದು ವಾರ್ಡು ಸುತ್ತಿದ್ದೂ ನಿಜ. ಗಂಡಸರ ವಾರ್ಡಿನಲ್ಲಿ ರಾತ್ರಿ ಎಂಟರ ಮೇಲೆ ಬೇರೆ ಯಾವ ದಾದಿಯೂ ಇರಕೂಡದು ಎಂದು ಅವಳೇ ನಿಯಮ ಮಾಡಿದ್ದಳು.

ಈಗ ಪುಸ್ತಕಗಳು ಮೊದಮೊದಲು ಹೇಳದೆ ಬಿಟ್ಟ ಸಂಗತಿಗೆ ಬರುತ್ತೇನೆ. ಅವಳು ಬಂದ ಮೇಲೂ ಸಾವು ಇಳಿಯಲಿಲ್ಲ, ಏರಿತು. 1855ರ ಫೆಬ್ರುವರಿಯಲ್ಲಿ ಸಾವಿನ ಪ್ರಮಾಣ ನೂರಕ್ಕೆ 42 ಮುಟ್ಟಿತು. ಗುಂಡೇಟಿನಿಂದ ಸತ್ತವರಿಗಿಂತ ಭೇದಿ, ಕಾಲರಾ, ಜ್ವರದಿಂದ ಸತ್ತವರು ಹಲವು ಪಟ್ಟು ಹೆಚ್ಚು. ಮಾರ್ಚ್‌ನಲ್ಲಿ ಸರ್ಕಾರ ಕಳಿಸಿದ ನೈರ್ಮಲ್ಯ ಆಯೋಗ ಬಂತು. ಅದರಲ್ಲಿ ಡಾಕ್ಟರುಗಳೂ ಒಬ್ಬ ಎಂಜಿನಿಯರೂ ಇದ್ದರು. ಕಟ್ಟಡದ ಕೆಳಗಿನ ಚರಂಡಿಗಳು ಕಟ್ಟಿ ನಿಂತಿದ್ದವು, ಕುಡಿಯುವ ನೀರು ಬರುವ ಕಾಲುವೆಯಲ್ಲಿ ಸತ್ತ ಕುದುರೆ ಬಿದ್ದಿತ್ತು. ಚರಂಡಿ ತೊಳೆಸಿದರು, ಗೋಡೆಗೆ ಸುಣ್ಣ ಹೊಡೆಸಿದರು, ಕಿಟಕಿ ತೆರೆಸಿದರು. ಜೂನ್ ಹೊತ್ತಿಗೆ ಸಾವು ನೂರಕ್ಕೆ 2ಕ್ಕೆ ಇಳಿಯಿತು.

ಹಾಗಾದರೆ ಅವಳ ಸೇವೆ ವ್ಯರ್ಥವೇ? ನನಗೆ ಹಾಗನಿಸುವುದಿಲ್ಲ. ನಮ್ಮ ಕೆಲಸದಲ್ಲಿ ಸರ್ವರ್ ಬಿದ್ದಾಗ ರಾತ್ರಿಯೆಲ್ಲ ಎದ್ದಿದ್ದು ಹೇಗೋ ಎಬ್ಬಿಸುವವರು ಬೇಕು. ಮರುದಿನ ದಾಖಲೆ ಮುಂದಿಟ್ಟುಕೊಂಡು ಯಾಕೆ ಬಿತ್ತು ಎಂದು ಹುಡುಕುವವರೂ ಬೇಕು. ಆ ಹುಡುಕಾಟದಲ್ಲಿ ತಪ್ಪು ತನ್ನದೇ ಎಂದು ಗೊತ್ತಾದರೂ ಹೇಳುವ ಧೈರ್ಯ ಬೇಕು. ಎರಡನ್ನೂ ಮಾಡುವವರು ನೂರಕ್ಕೊಬ್ಬರು. ಫ್ಲಾರೆನ್ಸ್ ಎರಡನ್ನೂ ಮಾಡಿದಳು. 1856ರ ಆಗಸ್ಟ್‌ನಲ್ಲಿ, ಸ್ವಾಗತ ಮೆರವಣಿಗೆ ತಪ್ಪಿಸಲು ಮಿಸ್ ಸ್ಮಿತ್ ಎಂಬ ಹೆಸರಿನಲ್ಲಿ ಊರಿಗೆ ಮರಳಿದವಳು, ವಿಲಿಯಂ ಫಾರ್ ಎಂಬ ಅಂಕಿಅಂಶ ತಜ್ಞನ ಜೊತೆ ಕೂತು ಸತ್ತವರ ಲೆಕ್ಕ ತೆಗೆದಳು. ತನ್ನ ಕಣ್ಣೆದುರೇ ಸತ್ತವರಲ್ಲಿ ಬಹುಪಾಲು ಜನ ಆಸ್ಪತ್ರೆಯ ಹೊಲಸಿನಿಂದಲೇ ಸತ್ತರು ಎಂದು ಲೆಕ್ಕ ಹೇಳಿತು. ತಾನಿದ್ದ ಆಸ್ಪತ್ರೆಯದೇ ಎಲ್ಲಕ್ಕಿಂತ ಕೆಟ್ಟ ಲೆಕ್ಕ. ಅವಳು ಅದನ್ನು ಮುಚ್ಚಿಡಲಿಲ್ಲ. ಪಾರ್ಲಿಮೆಂಟಿನವರು ಕೋಷ್ಟಕ ಓದುವುದಿಲ್ಲ ಎಂದು ಗೊತ್ತಿದ್ದರಿಂದ ಒಂದು ಚಿತ್ರ ಮಾಡಿಸಿದಳು. ಗುಂಡಗಿನ ಹೂವಿನಂತೆ ಹನ್ನೆರಡು ಎಸಳು, ತಿಂಗಳಿಗೊಂದು. ರೋಗದ ಸಾವು ನೀಲಿ, ಗಾಯದ ಸಾವು ಕೆಂಪು, ಉಳಿದದ್ದು ಕಪ್ಪು. ನೀಲಿ ಎಸಳುಗಳು ಪುಟ ತುಂಬ ಹರಡಿವೆ, ಕೆಂಪು ನಡುವೆ ಮುದುಡಿ ಕೂತಿದೆ. 1858ರ ಈ ಚಿತ್ರವನ್ನು ಇಂದಿಗೂ ನಮ್ಮ ಕ್ಷೇತ್ರದಲ್ಲಿ ಮಾದರಿಯಾಗಿ ತೋರಿಸುತ್ತಾರೆ. ಅದೇ ಹೊತ್ತಿಗೆ ಬ್ರಿಟನ್ನಿನ ಅಂಕಿಅಂಶ ಸಂಘ ಅವಳನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿತು. ಬಿ.ಇ.ಯಲ್ಲಿ ಗ್ರಾಫ್ ಬರೆದು ಬರೆದು ಸುಸ್ತಾದ ನನಗೆ ಇವಳ ಹೆಸರನ್ನು ಒಬ್ಬರೂ ಹೇಳಿರಲಿಲ್ಲ.

ಕ್ರಿಮಿಯಾದಲ್ಲಿ ತಗುಲಿದ ಜ್ವರ ಅವಳನ್ನು ಬಿಡಲಿಲ್ಲ. 1857ರಿಂದ ಎಷ್ಟೋ ವರ್ಷ ಹೆಚ್ಚು ಕಡಿಮೆ ಹಾಸಿಗೆಯಲ್ಲೇ ಇದ್ದಳು. ಎಲ್ಲ ದೊಡ್ಡ ಕೆಲಸ ಹಾಸಿಗೆಯಿಂದಲೇ ನಡೆಯಿತು. ಜನ ಕೂಡಿಸಿಕೊಟ್ಟ ಹಣದಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಶಾಲೆ ಶುರುವಾಯಿತು. ಶುಶ್ರೂಷೆಯ ಬಗ್ಗೆ ಬರೆದ ಸಣ್ಣ ಪುಸ್ತಕ ಮನೆಮನೆಗೆ ಹೋಯಿತು. ದೋಷಗಳೂ ಇದ್ದವು. ರೋಗಾಣುಗಳ ಸಿದ್ಧಾಂತವನ್ನು ಬಹಳ ಕಾಲ ನಂಬಲಿಲ್ಲ. ಸ್ವಂತ ಖರ್ಚಿನಲ್ಲಿ ಕ್ರಿಮಿಯಾಕ್ಕೆ ಹೋಗಿ ಸೈನಿಕರನ್ನು ನೋಡಿಕೊಂಡ, ಜಮೈಕಾ ಮೂಲದ ಕಪ್ಪು ವರ್ಣದ ಮೇರಿ ಸೀಕೋಲ್ ಬಗ್ಗೆ ಅವಳಿಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ಬ್ರಿಟಿಷ್ ಸಾಮ್ರಾಜ್ಯ ಇರಬಾರದು ಎಂದು ಅವಳು ಎಂದೂ ಎಂದುಕೊಳ್ಳಲಿಲ್ಲ.

ಆದರೂ ನಮ್ಮ ನಾಡಿನ ಜೊತೆ ಅವಳಿಗೆ ನಲವತ್ತು ವರ್ಷದ ನಂಟು. ಭಾರತಕ್ಕೆ ಒಮ್ಮೆಯೂ ಬರಲಿಲ್ಲ. 1857ರ ದಂಗೆಯ ನಂತರ ಇಲ್ಲಿಯ ಬ್ರಿಟಿಷ್ ಸೈನಿಕರ ಆರೋಗ್ಯ ನೋಡಲು 1859ರಲ್ಲಿ ಆಯೋಗ ಕೂತಾಗ, ನೂರಾರು ಸೈನ್ಯ ಠಾಣೆಗಳಿಗೆ ಪ್ರಶ್ನಾವಳಿ ಹೋಯಿತು. ನೀರು ಎಲ್ಲಿಂದ, ಚರಂಡಿ ಎಲ್ಲಿಗೆ, ಒಂದು ಕೋಣೆಯಲ್ಲಿ ಎಷ್ಟು ಜನ? ಉತ್ತರಗಳೆಲ್ಲ ಅವಳ ಹಾಸಿಗೆಯ ಮೇಲೆ ಬಂದು ಬಿದ್ದವು. ಸಾವಿರ ಸೈನಿಕರಲ್ಲಿ ವರ್ಷಕ್ಕೆ 69 ಜನ ಸಾಯುತ್ತಿದ್ದರು. 1863ರ ವರದಿ ಎರಡು ಸಾವಿರ ಪುಟ ಮೀರಿತ್ತು. ಅದರ ಜೊತೆ ಅವಳು ಬರೆದ ಟಿಪ್ಪಣಿಯಲ್ಲಿ ಬೆಂಗಳೂರಿನ ಹಲಸೂರು ಕೆರೆ ಬರುತ್ತದೆ. ದಂಡು ಪ್ರದೇಶದ ಪೇಟೆಯ ಹೊಲಸೆಲ್ಲ ಹರಿದು ಸೇರುವ ಆ ಕೆರೆಯ ನೀರನ್ನೇ ಕುಡಿಯುತ್ತಾರೆ ಎಂದು ಬೇಸರದಿಂದ ಬರೆದಿದ್ದಾಳೆ. ನಾನು ಆಫೀಸಿಗೆ ಹೋಗುವುದು ಅದೇ ಕೆರೆಯ ದಂಡೆಯ ರಸ್ತೆಯಲ್ಲಿ. ಸುಧಾರಣೆಗಳು ನಡೆದು ಹತ್ತು ವರ್ಷದಲ್ಲಿ ಸೈನಿಕರ ಸಾವು ಸಾವಿರಕ್ಕೆ 18ಕ್ಕೆ ಇಳಿಯಿತೆಂದು ಅವಳೇ ಲೆಕ್ಕ ಕೊಟ್ಟಳು.

ಸೈನಿಕರಿಂದ ಶುರುವಾದದ್ದು ಹಳ್ಳಿಗಳಿಗೆ ಬಂತು. ಬ್ಯಾರಕ್ ಎಷ್ಟೇ ಸ್ವಚ್ಛವಿರಲಿ, ಪಕ್ಕದ ಹಳ್ಳಿಯಲ್ಲಿ ಕಾಲರಾ ಇದ್ದರೆ ಉಪಯೋಗವಿಲ್ಲ ಎಂದು ಅವಳಿಗೆ ಅರ್ಥವಾಗಿತ್ತು. 1876–78ರ ಭೀಕರ ಬರದ ಕಾಲದಲ್ಲಿ ನೀರಾವರಿಗಾಗಿ, ರೈತರ ಸಾಲದ ಹೊರೆಯ ಬಗ್ಗೆ ಬರೆದಳು. ವೈಸರಾಯ್ ಆಗಿ ಹೊರಟವರು ಹಡಗು ಹತ್ತುವ ಮುಂಚೆ ಅವಳನ್ನು ಕಂಡು ಹೋಗುವುದು ರೂಢಿಯಾಯಿತು. ಆಗ ನಮ್ಮ ಹಾನಗಲ್ಲ, ಶಿಗ್ಗಾಂವಿ ಠಾಣೆಯಾಗಿದ್ದ ಬಂಕಾಪುರ ತಾಲೂಕು, ಹಿರೇಕೆರೂರು ಠಾಣೆಯಾಗಿದ್ದ ಕೋಡ ತಾಲೂಕು ಎಲ್ಲವೂ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು, ಸವಣೂರು ಮಾತ್ರ ನವಾಬರದು. 1889ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಗ್ರಾಮ ನೈರ್ಮಲ್ಯ ಕಾಯಿದೆ ಬಂತು. ಆ ಮಸೂದೆ ಚರ್ಚೆಯಲ್ಲಿದ್ದಾಗ ಪುಣೆಯ ಸಾರ್ವಜನಿಕ ಸಭೆಯವರಿಗೂ ಅಧಿಕಾರಿಗಳಿಗೂ ಪತ್ರ ಬರೆದು ಬೆನ್ನು ಹತ್ತಿದವರಲ್ಲಿ ಲಂಡನ್ನಿನಲ್ಲಿ ಮಲಗಿದ್ದ ಈ ಮುದುಕಿಯೂ ಒಬ್ಬಳು. ನಮ್ಮೂರ ಬಾವಿ, ಕೆರೆ, ತಿಪ್ಪೆಗಳ ವಿಷಯ ಕಾಯಿದೆಯ ಕಾಗದಕ್ಕೆ ಬಂದದ್ದು ಹೀಗೆ.

ಅದಕ್ಕೂ ಒಂದು ವರ್ಷ ಮುಂಚೆ, 1888ರಲ್ಲಿ, ತರಬೇತಿ ಪಡೆದ ಹತ್ತು ಸೈನ್ಯ ದಾದಿಯರು ಇಂಗ್ಲೆಂಡಿನಿಂದ ಬಂದು ಮುಂಬೈಯಲ್ಲಿ ಇಳಿದಿದ್ದರು. ಇಂದಿನ ಮಿಲಿಟರಿ ನರ್ಸಿಂಗ್ ಸೇವೆಯ ಮೂಲ ಅಲ್ಲಿದೆ. 1926ರ ಅಕ್ಟೋಬರ್ 1ರಂದು ಅದು ಭಾರತದ ಸೈನ್ಯದ ಕಾಯಂ ಅಂಗವಾಯಿತು. 1943ರಿಂದ ಅದರಲ್ಲಿರುವವರು ಕಮಿಷನ್ ಪಡೆದ ಅಧಿಕಾರಿಗಳು. ಸೋದರಮಾವ ನಕ್ಷತ್ರದ ವಿಷಯ ಹೇಳಿದ್ದು ಸರಿಯಾಗಿತ್ತು.

ಕಾಕಾನ ಮಗಳಿಗಾಗಿ ಹುಡುಕಿದ ಉಳಿದ ವಿಷಯವನ್ನೂ ಇಲ್ಲಿ ಬರೆಯುತ್ತೇನೆ, ಈಗಿನ ನಮ್ಮ ಶಾಲೆಯ ಹುಡುಗಿಯರಿಗೆ ಬೇಕಾದೀತು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಇರಬೇಕು. ನೀಟ್ ಬರೆಯಬೇಕು, ಆಮೇಲೆ ಇನ್ನೊಂದು ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆ. ದೇಶದಲ್ಲಿ ಆರು ಕಾಲೇಜುಗಳಿವೆ, ಒಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ವಾಯುಪಡೆಯ ಕಮಾಂಡ್ ಆಸ್ಪತ್ರೆಯಲ್ಲಿಯೇ ಇದೆ. ಎಲ್ಲ ಸೇರಿ ಸುಮಾರು 220 ಸೀಟು, ಆದ್ದರಿಂದ ಪೈಪೋಟಿ ಬಹಳ. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್, ಓದಿನ ಖರ್ಚು ಸರ್ಕಾರದ್ದು, ಸೇವೆ ಸಲ್ಲಿಸುತ್ತೇನೆ ಎಂದು ಬಾಂಡ್ ಬರೆದುಕೊಡಬೇಕು. ಮುಗಿಸಿದರೆ ಲೆಫ್ಟಿನೆಂಟ್. ನಿಯಮಗಳು ವರ್ಷ ವರ್ಷ ಬದಲಾಗುತ್ತವೆ, ಆ ವರ್ಷದ ಪ್ರಕಟಣೆ ನೋಡಿಯೇ ಅರ್ಜಿ ಹಾಕಬೇಕು.

ಕಷ್ಟಗಳನ್ನೂ ಮುಚ್ಚಿಡಲಿಲ್ಲ. ರಾತ್ರಿ ಪಾಳಿ ಇದ್ದೇ ಇದೆ. ವರ್ಗಾವಣೆ ಇದ್ದೇ ಇದೆ, ಹಾನಗಲ್ಲಿನ ಮಳೆ ನೋಡಿದವಳು ಲಡಾಖಿನ ಹಿಮ ನೋಡಬೇಕಾಗಬಹುದು. ಮದುವೆಯ ಮಾತು ಕಾಕಾ ಕೇಳಿಯೇ ಕೇಳಿದರು. ಹಿಂದೆ ಮದುವೆಯಾದರೆ ಸೇವೆಯಿಂದ ತೆಗೆಯುವ ನಿಯಮ ನಿಜಕ್ಕೂ ಇತ್ತು, 1995ರಲ್ಲಿ ಅದನ್ನು ಹಿಂತೆಗೆದುಕೊಂಡರು. 1988ರಲ್ಲಿ ಹಾಗೆ ಕೆಲಸ ಕಳೆದುಕೊಂಡ ಒಬ್ಬ ಅಧಿಕಾರಿ ಕೋರ್ಟಿನಲ್ಲಿ ವರ್ಷಗಟ್ಟಲೆ ಹೋರಾಡಿದರು. ಅದು ತಪ್ಪು ಎಂದು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿಯಲ್ಲಿ ಹೇಳಿ, ಅವರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಇದನ್ನು ಹೇಳಿದಾಗ ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, ಅರವತ್ತು ಲಕ್ಷ ಏನೋ ಎಂದು ಮತ್ತೊಮ್ಮೆ ಕೇಳಿದರು.

ಅರ್ಜಿ ಹೋಯಿತು. ಹೋಗುವ ಹಾಗೆ ಮಾಡಿದವಳು ನಾನಲ್ಲ, ಹಿರೇಕೆರೂರಿನಿಂದ ಎರಡು ಬಸ್ ಬದಲಿಸಿ ಬಂದ ನನ್ನ ತಂಗಿ. ಅವಳು ಈಗ ತನ್ನ ಊರಿನಲ್ಲಿ ಆಶಾ ಕಾರ್ಯಕರ್ತೆ. ಕೊರೊನಾ ಕಾಲದಲ್ಲಿ ನಾನು ಬೆಂಗಳೂರಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿದ್ದಾಗ ಅವಳು ಮನೆಮನೆ ತಿರುಗಿ ಜ್ವರ ಇದ್ದವರ ಪಟ್ಟಿ ಬರೆಯುತ್ತಿದ್ದಳು. ಅವಳ ರಿಜಿಸ್ಟರುಗಳನ್ನು ಒಮ್ಮೆ ನೋಡಿದ್ದೇನೆ. ಬಸುರಿಯರು, ಬಾಣಂತಿಯರು, ತೂಕ ಕಡಿಮೆ ಇರುವ ಕೂಸುಗಳು, ಎಲ್ಲ ಗೆರೆ ಎಳೆದು ಒಪ್ಪವಾಗಿ ಬರೆದಿಟ್ಟಿದ್ದಾಳೆ. ಕಾಕಾನ ಮುಂದೆ ಅವಳು ಹೆಚ್ಚು ವಾದ ಮಾಡಲಿಲ್ಲವಂತೆ. 2009ರಲ್ಲಿ ಕತ್ತರಿಸಿಟ್ಟಿದ್ದ ಪೇಪರಿನ ಚೂರನ್ನು ತಂದು ಜಮಖಾನೆಯ ಮೇಲೆ ಇಟ್ಟಳಂತೆ. ಅದನ್ನು ಅವಳು ಇಷ್ಟು ವರ್ಷ ಇಟ್ಟುಕೊಂಡಿದ್ದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೊದಲ ಸಲದ ಆಯ್ಕೆ ಪಟ್ಟಿಯಲ್ಲಿ ಹುಡುಗಿಯ ಹೆಸರು ಬರಲಿಲ್ಲ. ಈ ವರ್ಷ ಮತ್ತೆ ನೀಟ್‌ಗೆ ಓದುತ್ತಿದ್ದಾಳೆ. ಆಗದಿದ್ದರೆ ಹೊರಗೆ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಆಮೇಲೂ ಸೈನ್ಯಕ್ಕೆ ಅರ್ಜಿ ಹಾಕುವ ದಾರಿಯಿದೆ ಎಂದು ಅವಳೇ ನನಗೆ ಹೇಳಿದಳು.

ಈ ಲೇಖನವನ್ನು ಕಳಿಸುವ ಮುಂಚೆ ತಂಗಿಗೆ ಫೋನಿನಲ್ಲಿ ಓದಿ ಹೇಳಿದೆ. ನಡುವೆ ಮಾತಾಡಲಿಲ್ಲ. ಮುಗಿದ ಮೇಲೆ, ಅವರಕ್ಕ ಮುಂದ ಏನಾದಳು ಅಣ್ಣಾ ಎಂದು ಕೇಳಿದಳು. ಹೇಳಿದೆ. ಕ್ರಿಮಿಯಾದಿಂದ ತಂಗಿಯ ಸುದ್ದಿ ಬರತೊಡಗಿದ ಮೇಲೆ, ರಾಶಿ ರಾಶಿ ಬಂದ ಜನರ ಕಾಗದಗಳಿಗೆ ಮನೆಯಲ್ಲಿ ಕೂತು ಉತ್ತರ ಬರೆದವಳು ಪಾರ್ಥಿನೋಪ್. ನಂತರ ಮದುವೆಯಾಯಿತು, ಕಾದಂಬರಿ ಬರೆದಳು. ಕೊನೆಗಾಲದಲ್ಲಿ ಕೀಲುನೋವಿನಿಂದ ಕೈಕಾಲು ಸೆಟೆದು ಮಲಗಿದಾಗ ಫ್ಲಾರೆನ್ಸ್ ಅವಳ ಮನೆಯಲ್ಲಿ ತಿಂಗಳುಗಟ್ಟಲೆ ಇದ್ದು ನೋಡಿಕೊಂಡಳು. ಅಕ್ಕ ತೀರಿಕೊಂಡದ್ದು 1890ರ ಮೇ 12, ತಂಗಿಗೆ 70 ತುಂಬಿದ ದಿನ. ಫ್ಲಾರೆನ್ಸ್ ಇನ್ನೂ ಇಪ್ಪತ್ತು ವರ್ಷ ಬದುಕಿ, 1910ರ ಆಗಸ್ಟ್ 13ರಂದು ನಿದ್ದೆಯಲ್ಲೇ ಹೋದಳು. ದೊರೆಗಳ ಸಮಾಧಿ ಇರುವ ವೆಸ್ಟ್‌ಮಿನ್‌ಸ್ಟರ್ ಚರ್ಚಿನಲ್ಲಿ ಜಾಗ ಕೊಡುತ್ತೇವೆಂದರೂ ಮನೆಯವರು ಬೇಡವೆಂದು, ತಂದೆ ತಾಯಿ ಮಲಗಿರುವ ಹಳ್ಳಿಯ ಚರ್ಚಿನ ಅಂಗಳದಲ್ಲೇ ಹೂಳಿದರು.

ಹೌದೇನು ಎಂದಳು ತಂಗಿ. ಆಮೇಲೆ, ನಾಳೆ ಗುರುವಾರ, ಲಸಿಕಿ ಹಾಕೋ ದಿನ, ಲಗೂ ಏಳಬೇಕು ಎಂದು ಫೋನ್ ಇಟ್ಟಳು.